ಕಲಾಯಿ ಬಟ್ಟಲು

ಆ ದಿನ ಮುಂಜಾನೆ ದೇವಾಪುರದ ಮೇಲೆ ಎಂಥ ಮಂಜು ಇಳಿದಿತ್ತೆಂದರೆ, ಕಾಲುವೆಯ ದಂಡೆ ಯಾವುದು, ನೀರು ಯಾವುದು ತಿಳಿಯುತ್ತಿರಲಿಲ್ಲ. ಸಂಕ್ರಾಂತಿ ಕಳೆದು ವಾರವಾಗಿತ್ತು. ಹೊಲಗಳಲ್ಲಿ ಜೋಳದ ತೆನೆಗಳು ಮಂಜಿನ ಮೇಲೆ ತಲೆಯಷ್ಟೇ ಎತ್ತಿ ನಿಂತಿದ್ದವು. ಸುರಪುರದಿಂದ ಬರುವ ಮೊದಲ ಬಸ್ಸು ದೀಪ ಹಚ್ಚಿಕೊಂಡೇ ಬಂದು ನಿಂತಿತು. ಇಳಿದವಳು ಅಂಜನಾ. ತವರಿಗೆ ಬರುವಾಗಲೆಲ್ಲ ಬಾಳೆಹಣ್ಣು ತರುತ್ತಿದ್ದವಳು ಅವತ್ತು ಕೈಚೀಲದಲ್ಲಿ ಹಿತ್ತಾಳೆಯ ಒಂದು ಹೊಸ ಬೀಗ ತಂದಿದ್ದಳು.

ಬೀಗ ಅವಳ ತಾಯಿ ಸೂಗಮ್ಮನಿಗಾಗಿ ತಂದದ್ದು.

ಹಿಂದಿನ ಸಂಜೆ ಸೂಗಮ್ಮ ಮತ್ತೆ ಮನೆಯಿಂದ ಹೊರಟುಹೋಗಿದ್ದಳು. ಕಬ್ಬು ಇಳಿಸಿ ಬರುತ್ತಿದ್ದ ಟ್ರ್ಯಾಕ್ಟರಿನವನೊಬ್ಬ ಕಾಲುವೆಯ ಅಂಚಿನಲ್ಲಿ ಅವಳನ್ನು ಕಂಡು ಕೈಹಿಡಿದು ಕರೆತಂದಿದ್ದ. ಸೀರೆಯ ಅಂಚು ಮೊಣಕಾಲಿನವರೆಗೆ ತೊಯ್ದಿತ್ತು. ಕೈಯಲ್ಲಿ ಒಂದು ಹಳೆಯ ಕಲಾಯಿ ಬಟ್ಟಲು. ಅದರಲ್ಲಿ ನಾಲ್ಕು ಜೋಳದ ಕಾಳು, ಒಂದಿಷ್ಟು ಮಣ್ಣು. ದಿನಾ ಸಂಜೆ ಹೊರಡುವವಳನ್ನು ಬಾಗಿಲಲ್ಲೇ ತಡೆಯುತ್ತಿದ್ದರು; ಕಣ್ತಪ್ಪಿಸಿ ಹೋದದ್ದು ತಿಂಗಳಲ್ಲಿ ಇದು ಮೂರನೆಯ ಸಲ. ಕೆನಾಲಿನ ನೀರು ಮುದುಕಿಯನ್ನು ಕರೆಯುತ್ತಿದೆ ಎಂದು ಓಣಿಯವರು ಮಾತಾಡಿಕೊಂಡಿದ್ದರು.

ಅಂಜನಾ ಹೊಸ್ತಿಲು ದಾಟುತ್ತಲೇ ತಮ್ಮ ಮರಿಲಿಂಗಪ್ಪನಿಗೆ ಹೇಳಿ ಮುಗಿಸಿದಳು. ರಂಗಂಪೇಟೆಯ ವೆಲ್ಡಿಂಗಿನವನಿಗೆ ಹೇಳಿ ಬಂದಿದ್ದೇನೆ, ನಾಳೆ ಬಂದು ಮೂಲೆಯ ಖೋಲಿಗೆ ಕಬ್ಬಿಣದ ಬಾಗಿಲು ಕೂಡಿಸುತ್ತಾನೆ, ಹಗಲೂ ಸಂಜೆಯೂ ಅವ್ವ ಅದರೊಳಗಿರಲಿ. ಹೆತ್ತವಳನ್ನು ಕೂಡಿಹಾಕಲು ಯಾವ ಮಗಳಿಗೆ ಮನಸ್ಸು ಬಂದೀತು? ಆದರೆ ಕಾಲುವೆಯ ನೀರು ಯಾರ ಅವ್ವನೆಂದು ನೋಡುತ್ತದೆಯೇ? ಮರಿಲಿಂಗಪ್ಪ ತಲೆ ತಗ್ಗಿಸಿ ಹೂಂ ಅಂದ.

ಒಲೆಯ ಮುಂದಿದ್ದ ದೇವಕಮ್ಮ ಎಲ್ಲ ಕೇಳಿಸಿಕೊಂಡಳು. ಮರಿಲಿಂಗಪ್ಪನ ಹೆಂಡತಿ ಅವಳು. ಊರ ಶಾಲೆಯಲ್ಲಿ ಬಿಸಿಯೂಟ ಮಾಡುವವಳು, ಹತ್ತನೆಯ ತರಗತಿಯವರೆಗೆ ಓದಿದವಳು. ಮದುವೆಯಾಗಿ ಬಂದ ದಿನದಿಂದ ಸೂಗಮ್ಮನ ಕೈಕೆಳಗೇ ಬದುಕು ಕಲಿತಿದ್ದಳು. ಆ ಕೈಯೇ ಈಗ ಕುಪ್ಪಸದ ಗುಂಡಿ ಹುಡುಕಿ ತಡಕಾಡುತ್ತಿತ್ತು. ಕಲಬುರಗಿಯ ಡಾಕ್ಟರು ಇದು ಮರೆವಿನ ಕಾಯಿಲೆ, ಗುಳಿಗೆಗಿಂತ ನೋಡಿಕೊಳ್ಳುವುದೇ ಮುಖ್ಯ ಎಂದಿದ್ದರು. ಹೇಗೆ ನೋಡಿಕೊಳ್ಳಬೇಕೆಂದು ಹೇಳುವ ಪುರುಸೊತ್ತು ಅವರಿಗಿರಲಿಲ್ಲ.

ಎರಡು ತಿಂಗಳ ಹಿಂದೆ ಆ ದಾರಿ ತೋರಿಸಿದವಳು ಹಿಂದಿನ ಓಣಿಯ ಸಬಾ. ಯಾದಗಿರಿಯಲ್ಲಿ ನರ್ಸಿಂಗ್ ಓದುವ ಹುಡುಗಿ, ಶನಿವಾರ ಊರಿಗೆ ಬರುತ್ತಾಳೆ. ಸಮುದ್ರದಾಚೆಯ ಒಂದು ವಿಶ್ವವಿದ್ಯಾಲಯ ಮರೆವಿನ ಕಾಯಿಲೆಯವರ ಆರೈಕೆಯ ಪಾಠವನ್ನು ಫೋನಿನಲ್ಲೇ ಕಲಿಸುತ್ತದೆ, ಫೀಸು ಇಲ್ಲ, ಯಾರು ಬೇಕಾದರೂ ಸೇರಬಹುದು ಎಂದು ಅವಳೇ ಹೆಸರು ಹಚ್ಚಿಸಿಕೊಟ್ಟಳು. ಏಳು ವಾರದ ಪಾಠ. ಮಾತು ಇಂಗ್ಲಿಷು, ಕೆಳಗೆ ಫೋನೇ ತರ್ಜುಮೆ ಮಾಡಿ ಹೊಲಿದುಕೊಟ್ಟ ಗಡುಸಾದ ಕನ್ನಡ ಓಡುತ್ತಿತ್ತು. ಶಾಲೆಯ ಪಾತ್ರೆ ತೊಳೆದು ಬಿಸಿಲಿಗೆ ಬೋರಲು ಹಾಕಿ, ಅವು ಒಣಗುವಷ್ಟು ಹೊತ್ತು ದೇವಕಮ್ಮ ಗೋಡೆಗೊರಗಿ ಪಾಠ ನೋಡುತ್ತಿದ್ದಳು. ನಳದ ಹತ್ತಿರ ಹೆಂಗಸರು ನಕ್ಕರು. ಅತ್ತೆಗೆ ರೊಟ್ಟಿ ಹಾಕಲಿಕ್ಕೂ ಈಗ ಪರೀಕ್ಷೆ ಪಾಸಾಗಬೇಕಂತೆ ಎಂದು ಒಬ್ಬಳು ಅಂದರೆ, ಫೇಲಾದರೆ ಅತ್ತೆಯನ್ನು ವಾಪಸು ಕಳಿಸುತ್ತಾರೇನೋ ಎಂದು ಮತ್ತೊಬ್ಬಳು.

ಮೊದಲ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಹತ್ತಕ್ಕೆ ಮೂರು. ಹಿರಿಯರ ಕೆಲಸವನ್ನೆಲ್ಲ ನೀವೇ ಮಾಡಿಕೊಡಬೇಕೇ ಎಂಬ ಪ್ರಶ್ನೆಗೆ ಹೌದು ಎಂದು ಗುರುತು ಹಾಕಿದ್ದಳು. ಒಳ್ಳೆಯ ಮನೆತನದ ಸೊಸೆ ಬೇರೆ ಏನು ಹಾಕಿಯಾಳು? ಅದು ತಪ್ಪಂತೆ. ಅವರ ಕೈಲಾಗುವುದನ್ನು ಅವರೇ ಮಾಡಲಿ ಎಂಬುದು ಸರಿಯಂತೆ. ಅತ್ತೆಯಿಂದ ಕೆಲಸ ಮಾಡಿಸಿದರೆ ಶಿವ ಮೆಚ್ಚುತ್ತಾನೆಯೇ ಎಂದು ಎರಡು ದಿನ ಸಿಟ್ಟಿನಿಂದ ಫೋನು ಮುಟ್ಟಲಿಲ್ಲ. ಮೂರನೆಯ ದಿನ ಸುಮ್ಮನೆ ಸೂಗಮ್ಮನ ಮುಂದೆ ಒಂದು ಮೊರ ಬೆಳ್ಳುಳ್ಳಿ ಇಟ್ಟಳು. ಮುದುಕಿ ಒಂದೊಂದೇ ಎಸಳು ಸುಲಿಯುತ್ತ, ವರ್ಷದಿಂದ ಬಾಯಿಗೆ ಬಾರದಿದ್ದ ಬೀಸುವ ಹಾಡಿನ ಎರಡು ಸಾಲು ಗುನುಗಿದಳು. ದೇವಕಮ್ಮ ವಿಭೂತಿ ಹಚ್ಚಿಕೊಂಡು ಫೋನಿಗೂ ಕೈಮುಗಿದಳು. ದೇವರು ಯಾವ ಬಾಯಿಂದ ಮಾತಾಡುತ್ತಾನೋ ಯಾರು ಬಲ್ಲರು.

ಉಳಿದದ್ದು ಕೊನೆಯ ವಾರದ ಒಂದು ಕೆಲಸ. ನೀವು ನೋಡಿಕೊಳ್ಳುತ್ತಿರುವ ಹಿರಿಯರು ಸುಮ್ಮನೆ ಅಲೆಯುತ್ತಾರೆ ಅಂದುಕೊಳ್ಳಬೇಡಿ. ಆ ನಡಿಗೆಗೆ ಒಂದು ಕಾರಣ ಇದ್ದೇ ಇರುತ್ತದೆ. ತಡೆಯದೆ ಜೊತೆಗೆ ಹೋಗಿ, ಕಾರಣ ಹುಡುಕಿ ಬರೆಯಿರಿ. ಆ ಸಾಲು ಅವಳ ತಲೆಯಲ್ಲಿ ಎಂಟು ದಿನದಿಂದ ಕೂತಿತ್ತು. ಈಗ ಅಂಗಳದಲ್ಲಿ ಬೀಗವೂ ಬಂದು ಕೂತಿತು.

ಮಧ್ಯಾಹ್ನ ಶಾಲೆಯಿಂದ ಬಂದವಳೇ ಗಂಡನ ಅಕ್ಕನ ಎದುರು ನಿಂತಳು.

"ಅಕ್ಕಾ, ಬಾಗಲಾ ನಾಳಿ ಕೂಡಸ್ರಿ. ಇವತ್ತೊಂದು ಸಂಜಿ ನನಗ ಬಿಡ್ರಿ. ಅತ್ತಿ ಹೊಂಟ್ರ ನಾ ತಡಿಯಂಗಿಲ್ಲ, ಹಿಂದಿಂದ ಹೋಗ್ತೀನಿ."

"ಫೋನಿನ್ಯಾಗ ಹೇಳ್ಯಾರೇನು, ಮುದಕಿನ ಕೆನಾಲಿಗಿ ಬಿಡ್ರಿ ಅಂತ?"

"ಹೌದ್ರಿ. ಜೋಡಿ ಹೋಗ್ರಿ ಅಂತನೂ ಹೇಳ್ಯಾರ. ನೀವೂ ಬರ್ರಿ."

ಅಂಜನಾ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಬೀಗವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ಇವತ್ತೊಂದು ಸಂಜಿ," ಎಂದಳು. "ನೀರಿನ ಹಂತ್ಯಾಕ ಹೋದಳಂದ್ರ ಮುಗೀತು, ದೇವಕಿ. ಮತ್ತ ನಿನ್ನ ಪಾಠ ನನ್ನ ಮುಂದ ತೆಗಿಬ್ಯಾಡ."

ಹೊತ್ತು ಇಳಿಯಿತು. ದನಗಳು ಮನೆಗೆ ಬಂದವು. ಸೂಗಮ್ಮ ಎದ್ದು ಅಡುಗೆಮನೆಗೆ ಹೋಗಿ, ಕಲಾಯಿ ಬಟ್ಟಲು ತೆಗೆದು, ಜೋಳದ ಗಡಿಗೆಗೆ ಕೈಹಾಕಿ ಒಂದು ಬೊಗಸೆ ತುಂಬಿಕೊಂಡು ಬಾಗಿಲಿಗೆ ಬಂದಳು. ದಿನಾ ಇದೇ. ದಿನದಂತೆ ದೇವಕಮ್ಮನ ಕೈ ತಾನಾಗಿಯೇ ಮುಂದೆ ಹೋಗಿ, ಬಟ್ಟಲಿನ ಜೋಳವನ್ನು ಗಡಿಗೆಗೆ ಸುರುವಿ, ಖಾಲಿ ಬಟ್ಟಲು ವಾಪಸು ಕೊಟ್ಟಿತು. ದೀಪ ಹಚ್ಚುವ ಹೊತ್ತಿನಲ್ಲಿ ಕಾಳು ಮನೆಯಿಂದ ಹೊರಬೀಳಬಾರದು, ಬಿದ್ದರೆ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ. ಅದನ್ನು ಕಲಿಸಿದವಳು ಸೂಗಮ್ಮನೇ. ಮುದುಕಿ ಖಾಲಿ ಬಟ್ಟಲನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ ಹೊಸ್ತಿಲು ದಾಟಿದಳು.

ಇಬ್ಬರೂ ಹತ್ತು ಮಾರು ಬಿಟ್ಟು ಹಿಂಬಾಲಿಸಿದರು. ಸೂಗಮ್ಮನ ನಡಿಗೆಯಲ್ಲಿ ಅನುಮಾನವಿರಲಿಲ್ಲ. ಬೇವಿನ ಮರ ದಾಟಿ, ಹಿಂದಿನ ಓಣಿಗೆ ತಿರುಗಿ, ಒಂದು ನೀಲಿ ಬಾಗಿಲಿನ ಮುಂದೆ ನಿಂತಳು. ಅದು ಸಬಾಳ ಮನೆ. ಸಬಾಳ ಅಜ್ಜಿ ಮೌಲಾಬಿ, ಸೂಗಮ್ಮನ ಜೊತೆ ಮೂವತ್ತು ವರ್ಷ ಒಂದೇ ಸಾಲಿನಲ್ಲಿ ಕಳೆ ಕಿತ್ತವಳು, ಮೊಣಕಾಲು ಬಿದ್ದುಹೋಗಿ ಈಗ ಒಳಗಿನ ಮಂಚ ಬಿಟ್ಟು ಹೆಚ್ಚು ಏಳುತ್ತಿರಲಿಲ್ಲ. ಸೂಗಮ್ಮ ಬಾಗಿಲು ಬಡಿಯಲು ಕೈ ಎತ್ತಿದಳು. ಬಟ್ಟಲಿನೊಳಗೆ ಇಣುಕಿದಳು. ಎತ್ತಿದ ಕೈ ಇಳಿಯಿತು. ಯಾರಾದರೂ ಕಂಡಾರೆಂಬಂತೆ ಬಟ್ಟಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಸರಸರ ಹೊಲದ ದಾರಿ ಹಿಡಿದಳು.

ದೇವಕಮ್ಮ ನಿಂತಲ್ಲೇ ನಿಂತಳು. ಇಪ್ಪತ್ತು ವರ್ಷದ ಹಿಂದಿನ ಒಂದು ದಿನ ಕಣ್ಣಿಗೆ ಕಟ್ಟಿತು. ಹೊಸ ಸೊಸೆಯಾಗಿದ್ದಾಗ ನೆರೆಮನೆಯ ಪಾತ್ರೆಯನ್ನು ತೊಳೆದು ಹಾಗೇ ಕೊಡಲು ಹೊರಟಿದ್ದಳು. ಸೂಗಮ್ಮ ಬೀದಿಯವರೆಗೆ ಓಡಿಬಂದು ಅದರಲ್ಲಿ ಒಂದು ಹಿಡಿ ಕಡಲೆ ಹಾಕಿದ್ದಳು. ಬಂದ ಪಾತ್ರೆ ಬರಿದಾಗಿ ಹೋದರೆ ಕೊಟ್ಟವರ ಕೈಗೆ ಅವಮಾನ ಎಂದಿದ್ದಳು.

ಬಟ್ಟಲು ತಮ್ಮ ಮನೆಯದಲ್ಲ ಎಂಬುದು ಈಗ ನೆನಪಾಯಿತು. ನಾಲ್ಕು ವರ್ಷದ ಹಿಂದೆ ರಂಜಾನ್ ಹಬ್ಬದ ದಿನ ಮೌಲಾಬಿ ಅದರಲ್ಲಿ ಶಾವಿಗೆ ಖೀರು ಕಳಿಸಿದ್ದಳು. ಆ ತಿಂಗಳೇ ಸೂಗಮ್ಮನ ಮರೆವು ಶುರುವಾಯಿತು. ಬಟ್ಟಲು ಯಾರದೆಂದು ಮನೆಯವರೆಲ್ಲ ಮರೆತರು. ಮರೆವಿನ ಕಾಯಿಲೆಯವಳೊಬ್ಬಳೇ ಮರೆಯಲಿಲ್ಲ. ದಿನಾ ಸಂಜೆ ತುಂಬಿಕೊಳ್ಳುತ್ತಿದ್ದಳು, ದಿನಾ ಸಂಜೆ ಸೊಸೆ ಬರಿದು ಮಾಡುತ್ತಿದ್ದಳು. ತಪ್ಪಿಸಿಕೊಂಡು ಹೋದ ದಿನ, ಬರಿದಾದದ್ದನ್ನು ಕೊಡಲಾರದೆ, ಒಂದು ಹಿಡಿ ಕಾಳಿಗಾಗಿ ಕಾಲುವೆಯಾಚೆಯ ಸ್ವಂತ ಹೊಲಕ್ಕೆ ಹೊರಡುತ್ತಿದ್ದಳು.

"ಅಕ್ಕಾ," ಎಂದಳು ದೇವಕಮ್ಮ. "ನೀರು ಕರಿಯಾಕತ್ತಿಲ್ರಿ. ನಾನೇ ದಿನಾ ಅಟ್ಟಾಕತ್ತಿದ್ದೆ."

ಓಡಿಹೋಗಿ ಕಾಲುವೆ ಬರುವ ಮೊದಲೇ ಸೂಗಮ್ಮನ ಪಕ್ಕ ಹೆಜ್ಜೆ ಹಾಕಿದಳು. ಎಲ್ಲಿಗೆ ಎಂದು ಕೇಳಲಿಲ್ಲ, ಬಾ ಎಂದು ಎಳೆಯಲಿಲ್ಲ. ನಾನೂ ತೆನೆಗೇ ಹೊರಟಿದ್ದೇನೆ, ಈ ಕಡೆ ಹೋಗೋಣ ಎಂದು ಮೊಣಕೈ ಹಿಡಿದು ಸಣ್ಣ ಸೇತುವೆಯ ಮೇಲೆ ದಾಟಿಸಿದಳು. ಅಂಜನಾ ಹಿಂದೆ ಬಂದಳು. ಸೂಗಮ್ಮ ಹೊಲದ ಅಂಚಿನಲ್ಲಿ ನಿಂತು ಒಂದು ತೆನೆ ಮುರಿದಳು. ಗುಂಡಿ ಹಾಕಲು ಬಾರದ ಆ ಬೆರಳುಗಳು ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಹಸಿರು ಕಾಳನ್ನು ಬಟ್ಟಲಿಗೆ ಬಿಟ್ಟವು. ಮೂವರೂ ಕೂಡಿ ತಿಕ್ಕಿದರು. ಮನೆಯ ಗಡಿಗೆಯಿಂದ ಒಂದು ಕಾಳೂ ಹೊರಬೀಳಲಿಲ್ಲ. ಲಕ್ಷ್ಮಿ ಹೊಲದಿಂದಲೇ ಹೊರಟಿದ್ದಳು. ಬಟ್ಟಲು ತುಂಬುತ್ತ ಬಂದಾಗ ಅಂಜನಾ ಸೆರಗಿನ ಗಂಟು ಬಿಚ್ಚಿ ಬೀಗವನ್ನು ದೇವಕಮ್ಮನ ಕೈಗಿಟ್ಟಳು. "ನಿಮ್ಮ ಸಾಲ್ಯಾಗ ಬ್ಯಾಳಿ ಇಡು ಖೋಲಿಗಿ ಹಾಕ್ಕೊ," ಅಂದು, ಅಲ್ಲಿಂದಲೇ ವೆಲ್ಡಿಂಗಿನವನಿಗೆ ಫೋನು ಮಾಡಿ ಬರುವುದು ಬೇಡವೆಂದಳು.

ಮುಂದಿನದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಈ ಸಂಜೆಯನ್ನೇ ದೇವಕಮ್ಮ ಕೊನೆಯ ವಾರದ ಉತ್ತರವಾಗಿ ಬರೆದಳು, ಸಬಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಕಳಿಸಿದಳು. ಅದೇ ಪಾಠ ಕಲಿಯುತ್ತಿದ್ದವರು ಅದನ್ನು ಓದಿ, ಕಂಡರಿಯದ ದೇಶಗಳಿಂದ ಬರೆದರು. ನನ್ನ ತಂದೆ ದಿನಾ ಒಂದೇ ಒಂದು ಬೂಟು ಕೈಯಲ್ಲಿ ಹಿಡಿದು ಹೊರಡುತ್ತಾರೆ, ನಾಳೆ ನಾನೂ ಹಿಂದೆ ಹೋಗುತ್ತೇನೆ ಎಂದು ಒಬ್ಬಾಕೆ ಬರೆದಿದ್ದಳು. ನೂರಕ್ಕೆ ತೊಂಬತ್ತೊಂದು ಬಂತು. ರಂಗಂಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಪ್ರಮಾಣಪತ್ರ ತೆಗೆಸಿ ಲ್ಯಾಮಿನೇಶನ್ ಹಾಕಿಸಿದವನು ಮರಿಲಿಂಗಪ್ಪ. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ತೋರಿಸಿದನಂತೆ. ಹೆಡ್‌ಮಾಸ್ತರರು ಪ್ರಾರ್ಥನೆಯ ಹೊತ್ತಿನಲ್ಲಿ ಅದನ್ನು ಎತ್ತಿ ಹಿಡಿದಾಗ ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ನಳದ ಹತ್ತಿರ ನಕ್ಕಿದ್ದವರಲ್ಲಿ ಇಬ್ಬರು ತಮ್ಮ ಮನೆಯ ಹಿರಿಯರ ಬಗ್ಗೆ ಕೇಳಲು ದೇವಕಮ್ಮನ ಬಾಗಿಲಿಗೆ ಬಂದರು. ಬಂದವರಿಗೆ ಅವಳು ಮೊದಲು ಕೇಳುವುದು ಒಂದೇ: ಅವರು ಹೊರಡುವಾಗ ಕೈಯಲ್ಲಿ ಏನಿರುತ್ತದೆ?

ಅದೆಲ್ಲ ಮುಂದಿನ ಮಾತು. ಆ ಸಂಜೆ ಮೂವರೂ ಹಿಂದಿನ ಓಣಿಗೆ ಬಂದಾಗ ಇನ್ನೂ ನಸುಬೆಳಕಿತ್ತು. ನೀಲಿ ಬಾಗಿಲನ್ನು ಸೂಗಮ್ಮನೇ ಬಡಿದಳು. ಒಳಗಿನಿಂದ ಗೋಡೆ ಹಿಡಿದು, ಕಾಲೆಳೆಯುತ್ತ ಮೌಲಾಬಿ ಬಂದಳು. ಒಂದು ವರ್ಷದಿಂದ ಹೆತ್ತ ಮಗಳ ಗುರುತೂ ಹಿಡಿಯದ ಸೂಗಮ್ಮ ಎದುರಿಗಿದ್ದವಳ ಮುಖ ನೋಡಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು.

"ತಡ ಆತು, ಮೌಲಾಬಿ," ಎಂದಳು.

ಮೌಲಾಬಿಯ ಗಲ್ಲದ ಮೇಲೆ ನೀರು ಇಳಿಯಿತು. ಅವಳು ಸೆರಗಿನ ಉಡಿ ಹಿಡಿದಳು. ಸೂಗಮ್ಮ ಹಸಿರು ಜೋಳವನ್ನು ಒಂದು ಕಾಳೂ ಚೆಲ್ಲದಂತೆ ಅದಕ್ಕೆ ಸುರಿದು, ಬಟ್ಟಲಿನ ತಳದಲ್ಲಿ ನಾಲ್ಕು ಕಾಳು ಉಳಿಸಿ, ಎರಡೂ ಕೈಯಿಂದ ಅವಳ ಕೈಗೆ ಕೊಟ್ಟಳು.