ಮೂರನೆಯ ಸಲ ಕೇಳುವವರೆಗೆ

ಅರ್ವಿಡ್ ಸಾಲ್ಟ್‌ವೆಟ್ ಜುಲೈ ತಿಂಗಳ ಬಿಸಿಲಿನಲ್ಲೂ ಮಂಜುಗಡ್ಡೆಯ ಮೇಲೆ ನಡೆಯುವವನ ಹಾಗೆಯೇ ನಡೆಯುತ್ತಿದ್ದ. ಹಿಮ್ಮಡಿಯನ್ನು ಮೊದಲು ಊರದೆ, ಇಡೀ ಪಾದವನ್ನು ಚಪ್ಪಟೆಯಾಗಿ ನೆಲಕ್ಕಿಟ್ಟು, ಅದು ಜಾರುವುದಿಲ್ಲವೆಂದು ಖಾತರಿಯಾದ ಮೇಲಷ್ಟೇ ಇನ್ನೊಂದನ್ನು ಎತ್ತುವನು. ಚರ್ಚಿನ ಮರದ ನೆಲವಾಗಲಿ, ಕೆರೆದಂಡೆಯ ಹುಲ್ಲಾಗಲಿ, ಅವನ ಪಾದಗಳಿಗೆ ಯಾವುದರ ಮೇಲೂ ವಿಶ್ವಾಸವಿರಲಿಲ್ಲ. ಅಮೆರಿಕದ ಮಿನ್ನೆಸೋಟ ರಾಜ್ಯದ ಉತ್ತರದಂಚಿನ ನಮ್ಮೂರಿನಲ್ಲಿ ಆಯುಷ್ಯವಿಡೀ ರಸ್ತೆಯ ಹಿಮ ತಳ್ಳುವ ಲಾರಿ ಓಡಿಸಿ ನಿವೃತ್ತನಾದವನಿಗೆ ಆ ಅವಿಶ್ವಾಸ ಸಹಜವೇ ಇರಬಹುದು. ಆದರೆ ಮಾತಿನಲ್ಲೂ ಅವನ ನಡಿಗೆ ಅದೇ ಆಗಿದ್ದುದು ನಮ್ಮ ದುರದೃಷ್ಟ, ಕೊನೆಗೆ ಅವನದೂ ಹೌದು.

ಹವಾಮಾನವೊಂದೇ ಅವನಿಗೆ ಜಾರದ ನೆಲ. ಎದುರಿಗೆ ಯಾರೇ ಬಂದರೂ ಅರೆಪಕ್ಕಕ್ಕೆ ತಿರುಗಿ, ಆಕಾಶವನ್ನೊಮ್ಮೆ ಪರೀಕ್ಷಿಸಿ, ಗಾಳಿಯ ದಿಕ್ಕನ್ನು ತಿಳಿಸಿ, "ಇದಕ್ಕಿಂತ ಕೆಟ್ಟದ್ದು ನೋಡಿದ್ದೀವಿ" ಎಂದು ಮುಗಿಸುತ್ತಿದ್ದ. ಅವನ ಹೆಂಡತಿಯನ್ನು ಮಣ್ಣು ಮಾಡಿದ ದಿನ ನಾನು ಕೈ ಹಿಡಿದುಕೊಂಡು ಏನು ಹೇಳುವುದೆಂದು ತಡವರಿಸುತ್ತಿದ್ದಾಗ, "ಗಾಳಿ ವಾಯವ್ಯಕ್ಕೆ ತಿರುಗ್ತು ನೋಡು" ಎಂದನಲ್ಲದೆ ಬೇರೇನೂ ಹೇಳಲಿಲ್ಲ. ನಮ್ಮೂರಿನವರಿಗೆ ಅಷ್ಟು ಸಾಕು. ಗಾಳಿ ತಿರುಗಿತೆಂದರೆ ಎದೆ ಒಡೆಯಿತೆಂದು ನಾವು ಅರ್ಥ ಮಾಡಿಕೊಳ್ಳಬಲ್ಲೆವು.

ಇನ್ನೊಂದು ಹಠವಿತ್ತು. ಅದನ್ನು ಅವನ ಹಠವೆನ್ನುವುದಕ್ಕಿಂತ ಊರಿನ ಸಂಪ್ರದಾಯವೆನ್ನಬೇಕು. ಅವನು ಅದರ ಮಠಾಧಿಪತಿ. ಯಾರಾದರೂ ಕಾಫಿ ಕೊಡುತ್ತೇನೆಂದರೆ ಮೊದಲ ಸಲ ಬೇಡ, ಎರಡನೆಯ ಸಲವೂ ಬೇಡ, ಮೂರನೆಯ ಸಲ ಕೇಳಿದಾಗ "ಚೆಲ್ಲೋದೇ ಆದ್ರೆ ಅರ್ಧ ಲೋಟ ಕೊಡಿ" ಎನ್ನಬೇಕು. ಒಮ್ಮೆ ಹಿಮದಲ್ಲಿ ಹೂತುಹೋಗಿದ್ದ ಪಟ್ಟಣದವನೊಬ್ಬನ ಕಾರನ್ನು ಅರ್ವಿಡ್ ಎಳೆದು ಕೊಟ್ಟ. ಆ ಪುಣ್ಯಾತ್ಮ ಹೋಟೆಲಿಗೆ ಕರೆದ, ಇವನು ಬೇಡವೆಂದ, ಅವನು "ಹಾಗಾದ್ರೆ ಸರಿ" ಎಂದು ಒಳಗೆ ಹೋಗಿ ಒಬ್ಬನೇ ಕೂತು ಕುಡಿದ. ಅರ್ವಿಡ್ ಬಾಗಿಲ ಹೊರಗೆ ಗಾಳಿಗೆ ಮುಖವೊಡ್ಡಿ ನಿಂತೇ ಇದ್ದ. "ಎರಡನೇ ಸಲ ಕೇಳಲೇ ಇಲ್ಲ ಕಣಯ್ಯ ಆಸಾಮಿ!" ಎಂದು ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

ಅತಿ ಹೆಚ್ಚು ನಗುತ್ತಿದ್ದವನು ಡೆಲ್ಬರ್ಟ್ ನೈಗ್ರೆನ್. ವಿದ್ಯುತ್ ಕಂಬ ಹತ್ತುವ ಲೈನ್‌ಮನ್ ಆಗಿದ್ದವನು, ಅರ್ವಿಡನ ಬಾಲ್ಯಸ್ನೇಹಿತ. ಇಬ್ಬರೂ ಬಿರುಗಾಳಿಯ ಮಕ್ಕಳು: ಇವನು ದಾರಿ ಮಾಡಿಕೊಡದೆ ಅವನು ಕಂಬದ ಬುಡ ಸೇರುವಂತಿರಲಿಲ್ಲ, ಅವನು ತಂತಿ ಜೋಡಿಸದೆ ಇವನ ಮನೆಗೆ ಬೆಳಕಿಲ್ಲ. ಡೆಲ್ಬರ್ಟನ ಗರಾಜೇ ನಮ್ಮ ಹರಟೆಕಟ್ಟೆ. ಅದರ ಮಾಡಿಗೆ ತೂಗುಹಾಕಿದ್ದ ಗ್ಯಾಸ್ ಹೀಟರನ್ನು ಇಬ್ಬರೂ ಸೇರಿ ಏರಿಸಿದ ದಿನವೇ ಅರ್ವಿಡನ ಕಂದು ಕೋಟಿನ ತೋಳು ಸುಟ್ಟಿತ್ತು. ಡೆಲ್ಬರ್ಟನ ಹೆಂಡತಿ ಮಾರ್ಲಿಸ್ ಕೆಂಪು ದಾರದಲ್ಲಿ ಹಾಕಿಕೊಟ್ಟ ತೇಪೆ ಕೊನೆಯವರೆಗೂ ಅದರ ಮೇಲಿತ್ತು. ಮಗಳು ಹೊಸ ಕೋಟು ತಂದಳು, ಅದು ಮೊಳೆಯಲ್ಲೇ ನೇತಾಡಿತು. ಹಳೆಯದು ಇನ್ನೂ ಹರಿದಿಲ್ಲವೆಂಬುದು ಅವನ ವಾದ.

ಆ ಜನವರಿಯಲ್ಲಿ ಒಂದು ಮಧ್ಯಾಹ್ನ ಡೆಲ್ಬರ್ಟ್ ಫೋನು ಮಾಡಿದ. "ಗಾಳಿ ಜೋರಾಗ್ತಿದೆ. ಹೀಟರ್ ಹತ್ಕೊಳ್ತಿಲ್ಲ. ಅವಸರ ಏನಿಲ್ಲ." ನಮ್ಮಲ್ಲಿ ಅವಸರವಿಲ್ಲವೆಂದರೆ ಉಣ್ಣುವ ತಟ್ಟೆ ಬಿಟ್ಟು ಬಾ ಎಂದರ್ಥ. ರಸ್ತೆಗಿಳಿಯಬೇಡಿರೆಂದು ರೇಡಿಯೋ ಬೊಬ್ಬೆ ಹಾಕುತ್ತಿದ್ದಾಗ ಅರ್ವಿಡ್ ಸಲಕರಣೆ ಪೆಟ್ಟಿಗೆ ಹಿಡಿದು ಹೊರಟ. ಅಲ್ಲಿದ್ದವರು ಅವರಿಬ್ಬರೇ, ನಡೆದುದನ್ನು ಅರ್ವಿಡ್ ಎಷ್ಟೋ ದಿನಗಳ ಮೇಲೆ ನನಗೆ ಹೇಳಿದ, ಒಂದು ಮಾತನ್ನೂ ಬಿಡದೆ.

ಅವನು ಏಣಿ ಹತ್ತಿದ, ಡೆಲ್ಬರ್ಟ್ ಏಣಿ ಹಿಡಿದ.

"ರೇಡಿಯೋದವನು ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ ಅಂದ" ಎಂದ ಡೆಲ್ಬರ್ಟ್.

"ಬೆಚ್ಚಗೆ ಕೂತು ಏನು ಬೇಕಾದ್ರೂ ಅಂತಾನೆ. ಹೊರಗೆ ಬಂದು ಮೂಗು ತೋರಿಸ್ಲಿ."

"ಹೆಪ್ಪುಗಟ್ಟಿದ ಕೆರೆ ಮೇಲೆ ಇಂಗ್ವಾಲ್ಡ್ ಮೀನು ಹಿಡಿಯೋಕೆ ಹಾಕಿದ್ದ ಗುಡಿಸಲು ಮಗುಚಿಕೊಂಡಿತಂತೆ."

"ಒಳಗಿದ್ನಾ?"

"ಇದ್ದ. ಏನೂ ಆಗಿಲ್ಲ. ಮೀನು ಮಾತ್ರ ಸಿಗಲಿಲ್ವಂತೆ."

"ಗುಡಿಸಲು ನೆಟ್ಟಗೆ ನಿಂತಿದ್ದಾಗ ಸಿಕ್ಕಿದ್ದು ಯಾವತ್ತು?"

ಇಬ್ಬರೂ ನಕ್ಕರು. ಅಷ್ಟರಲ್ಲಿ ಮುಚ್ಚಳ ಬಿಚ್ಚಿದ ಅರ್ವಿಡನಿಗೆ ದೋಷ ಕಂಡುಬಿಟ್ಟಿತು. ಒಂದು ತಂತಿ ತನ್ನ ಜಾಗದಿಂದ ಹೊರಗೆ ಬಂದಿತ್ತು. ತುಂಡಾಗಿರಲಿಲ್ಲ, ಸುಟ್ಟಿರಲಿಲ್ಲ. ಯಾರೋ ಸ್ಕ್ರೂ ಸಡಿಲಿಸಿ, ತಂತಿಯನ್ನು ಹಿರಿದು, ಸ್ಕ್ರೂವನ್ನು ಮತ್ತೆ ಅಚ್ಚುಕಟ್ಟಾಗಿ ಬಿಗಿ ಮಾಡಿದ್ದರು. ಸುಳ್ಳು ಹೇಳುವಾಗಲೂ ಸಡಿಲ ಸ್ಕ್ರೂ ಬಿಟ್ಟು ಬರಲಾರದ ಲೈನ್‌ಮನ್ ಊರಿನಲ್ಲಿ ಒಬ್ಬನೇ ಇದ್ದ, ಅವನು ಕೆಳಗೆ ಏಣಿ ಹಿಡಿದು ನಿಂತಿದ್ದ. ಇವನಿಗೆ ತನ್ನಿಂದ ಏನೋ ಬೇಕಾಗಿದೆ, ಹೀಟರ್ ಬರೀ ನೆವವೆಂದು ಅರ್ವಿಡನಿಗೆ ಆ ಕ್ಷಣವೇ ಹೊಳೆಯಿತು.

"ಇಲಿ" ಎಂದ ಅರ್ವಿಡ್, ಮೇಲಿನಿಂದ.

"ಹೌದಾ? ಈ ವರ್ಷ ಇಲಿ ಕಾಟ ಜಾಸ್ತಿನೇ" ಎಂದ ಡೆಲ್ಬರ್ಟ್.

ತಂತಿ ಸೇರಿತು, ನೀಲಿ ಉರಿ ಎದ್ದಿತು, ಫ್ಯಾನು ಗುರುಗುಟ್ಟತೊಡಗಿತು. ಇಬ್ಬರೂ ಮಡಿಸುವ ಕುರ್ಚಿಗಳಲ್ಲಿ ಅಕ್ಕಪಕ್ಕ ಕುಳಿತು ಮುಚ್ಚಿದ ಬಾಗಿಲನ್ನೇ ನೋಡಿದರು.

"ಈ ಸಲದ ಚಳಿ ನನ್ನ ಮೂಳೆಗೇ ಇಳಿದಿದೆ ಕಣಯ್ಯ."

"ಎಲ್ರಿಗೂ ಇಳಿದಿದೆ. ಇದಕ್ಕಿಂತ ಕೆಟ್ಟದ್ದು ನೋಡಿದ್ದೀವಿ."

"ನೋಡಿದ್ದೀವಿ" ಎಂದ ಡೆಲ್ಬರ್ಟ್. ಮಾಡಿನತ್ತ ಕಣ್ಣೆತ್ತಿ, "ಬರೋ ಚಳಿಗಾಲಕ್ಕೆ ಈ ಹೀಟರ್ ನೀನೇ ಬಿಚ್ಕೊಂಡು ಹೋಗು" ಎಂದ.

"ನನಗ್ಯಾಕೆ? ಬೇಡ ಬಿಡು."

"ಅಲ್ಲ, ನಿನ್ನ ಗರಾಜು ಹೆಣ ಇಡೋ ಕೋಣೆ ಥರ ಇದೆ. ತಗೊಂಡು ಹೋಗು ಅಂತೀನಿ."

"ಬೇಡ ಮಾರಾಯ. ನೀನೇನು ಬರೀ ಮೈಯಲ್ಲಿ ಕೂರ್ತೀಯಾ?"

ಅರ್ವಿಡ್ ಕಾದ. ಮೂರನೆಯ ಸಲ ಕೇಳಿದೊಡನೆ, ಯಾಕೆ, ನಿನಗೇನಾಗಿದೆ ಎಂದು ಕೇಳಿಯೇ ಬಿಡಬೇಕೆಂದು ನಿಶ್ಚಯಿಸಿದ್ದ; ಪ್ರಶ್ನೆ ನಾಲಗೆಯ ತುದಿಯಲ್ಲಿತ್ತು. ಡೆಲ್ಬರ್ಟ್ ಟೋಪಿ ತೆಗೆದ, ಅದರೊಳಗೆ ಏನೋ ಹುಡುಕುವವನಂತೆ ಇಣುಕಿದ, ಮತ್ತೆ ಹಾಕಿಕೊಂಡ.

"ಗಾಳಿ ಒಂಚೂರು ಇಳಿದ ಹಾಗಿದೆ. ಈಗಲೇ ಹೊರಟ್ರೆ ಒಳ್ಳೇದು ನೀನು."

ಅರ್ವಿಡ್ ಎದ್ದು ಹೊರಟ. ಅದಾದ ಹದಿನೈದು ದಿನಕ್ಕೆ ಡೆಲ್ಬರ್ಟನನ್ನು ದೊಡ್ಡ ಊರಿನ ಆಸ್ಪತ್ರೆಗೆ ಒಯ್ದರು. ರೋಗ ಕ್ರಿಸ್‌ಮಸ್ಸಿಗೆ ಮೊದಲೇ ಪತ್ತೆಯಾಗಿತ್ತು. ಮುಚ್ಚಿದ ರಸ್ತೆ ತೆರೆದು ಅರ್ವಿಡ್ ಅಲ್ಲಿಗೆ ಮುಟ್ಟುವಷ್ಟರಲ್ಲಿ ಅವನ ಮಾತು ನಿಂತಿತ್ತು, ಮರುದಿನ ಉಸಿರೂ ನಿಂತಿತು.

ರೋಗದ ಸುದ್ದಿಯನ್ನು ಅರ್ವಿಡನಿಗೆ ತಾನೇ ಹೇಳುತ್ತೇನೆ, ನೀನು ಬಾಯಿ ಬಿಡಕೂಡದೆಂದು ಡೆಲ್ಬರ್ಟ್ ಹೆಂಡತಿಯಿಂದ ಭಾಷೆ ತೆಗೆದುಕೊಂಡಿದ್ದನಂತೆ. ಆ ಸಂಜೆ ಗರಾಜಿನಿಂದ ಒಳಗೆ ಬಂದವನನ್ನು ಮಾರ್ಲಿಸ್, "ಹೇಳಿದ್ಯಾ?" ಎಂದು ಕೇಳಿದ್ದಳು. "ಹವಾ ಸರಿ ಇರಲಿಲ್ಲ" ಎಂದಿದ್ದನಂತೆ ಅವನು.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವೇನು ಎನ್ನುತ್ತಾರೆ. ಫಲ ಬೇಕೆಂದು ಯಾರು ಚಿಂತಿಸುತ್ತಾರೆ? ಏಪ್ರಿಲ್‌ನಲ್ಲಿ ಕೆರೆ ಕರಗುತ್ತಿದ್ದಾಗ ಮಾರ್ಲಿಸ್ ಗರಾಜು ಖಾಲಿ ಮಾಡಲು ನಮ್ಮನ್ನು ಕರೆದಳು. ಅರ್ವಿಡ್ ಎಲ್ಲವನ್ನೂ ಹೊತ್ತ, ಮಾಡಿನತ್ತ ಮಾತ್ರ ಕಣ್ಣೆತ್ತಲಿಲ್ಲ.

"ಅರ್ವಿಡ್, ಆ ಹೀಟರ್ ಬಿಚ್ಕೊಂಡು ಹೋಗು" ಎಂದಳು ಅವಳು.

"ಏ, ಬೇಡಮ್ಮ, ನನಗ್ಯಾಕೆ..."

"ಅವನು ಎರಡು ಸಲ ಕೇಳಿದ್ನಂತೆ, ಹೇಳಿದ್ದ ನನಗೆ. ಇದು ಮೂರನೇದು."

ಅರ್ವಿಡ್ ಪಕ್ಕಕ್ಕೆ ತಿರುಗಿ ಆಕಾಶ ನೋಡಿದ. ಗಾಳಿಯಿರಲಿಲ್ಲ, ಮೋಡವಿರಲಿಲ್ಲ, ಹೇಳಲು ಏನೂ ಇರಲಿಲ್ಲ. "ಅದು ಇಲಿ ಅಲ್ಲ ಅಂತ ನನಗೆ ಗೊತ್ತಿತ್ತು ಮಾರ್ಲಿಸ್" ಎಂದು, ಕೆಂಪು ತೇಪೆಯ ತೋಳಿನಿಂದ ಮುಖ ಒರೆಸಿಕೊಂಡು ಏಣಿ ತಂದ.

ಅನಂತರದ ಚಳಿಗಾಲಗಳಲ್ಲಿ ಅವನ ಗರಾಜಿನ ಮುಂದೆ ಹಾದುಹೋಗುವುದೇ ಕಷ್ಟವಾಯಿತು. "ಬಾ, ಕಾಫಿ ಕುಡಿ, ಬಾರಯ್ಯ, ಬಾ ಅಂದೆ" ಎಂದು ಮೂರನ್ನೂ ಒಂದೇ ಉಸಿರಿಗೆ ಮುಗಿಸುತ್ತಿದ್ದ, ನಡುವೆ ಬೇಡವೆನ್ನಲು ಯಾರಿಗೂ ಎಡೆಗೊಡದೆ. ಊರು ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ.

ಇಂಥವರ ಅಂತಃಕರಣಕ್ಕೆ ಯಾವ ಕೊರತೆಯೂ ಇಲ್ಲ. ಹಿಮಪಾತದಲ್ಲಿ ಕರೆದರೆ ಬರುತ್ತಾರೆ, ಕೆಡದ ಯಂತ್ರವನ್ನೂ ರಿಪೇರಿ ಮಾಡಿಕೊಡುತ್ತಾರೆ, ಸ್ನೇಹಿತನ ಸುಳ್ಳನ್ನು ಇಲಿಯ ತಲೆಗೆ ಕಟ್ಟಿ ಅವನ ಮಾನ ಉಳಿಸುತ್ತಾರೆ. ಒಂದು ಪ್ರಶ್ನೆಯನ್ನು ಮಾತ್ರ ತಾವಾಗಿ ಕೇಳಲಾರರು. ಎದುರಿನವನೇ ಇನ್ನೊಮ್ಮೆ ಬಾಯಿ ತೆರೆಯಲೆಂದು ಮರ್ಯಾದೆಯಿಂದ ಕಾಯುತ್ತಾರೆ. ಎದುರಿನವನೂ ಅದೇ ಮಣ್ಣಿನವನಾದರೆ, ಅವನೂ ಅಷ್ಟೇ ಮರ್ಯಾದೆಯಿಂದ ಎದ್ದು ಹೋಗಿಬಿಡುತ್ತಾನೆ.