ಯಶಸ್ವಿನಿ ಕಿವಿಯಿಟ್ಟ ಜಾಗ

ಹಾಗಲವಾಡಿಯ ಸಿದ್ದಗಂಗಯ್ಯನವರ ಹೊಲದಲ್ಲಿ ಐದು ವರ್ಷದ ಮೊಮ್ಮಗಳು ಯಶಸ್ವಿನಿ ನೆಲಕ್ಕೆ ಕಿವಿಯಿಟ್ಟು ಮಲಗಿದ್ದಳು. ಎರಡು ದಿನದಿಂದ ಹೀಗೇ. ಐದು ತಿಂಗಳ ಹಿಂದೆ ತಾಯಿಯನ್ನು ಮಣ್ಣು ಮಾಡಿದ್ದನ್ನು ನೋಡಿದ ಮೇಲೆ ಆ ಮಗು ಯಾರೊಡನೆಯೂ ಮಾತಾಡಿರಲಿಲ್ಲ. ಜೊತೆಗಿದ್ದದ್ದು ಒಂದು ಮೇಕೆಮರಿ. ಅದೂ ಮೊನ್ನೆಯಿಂದ ಕಾಣೆ.

“ಗಾಳಿ ಸೋಕೈತೆ ಕಣಮ್ಮ. ದಾರ ಕಟ್ಸಿವ್ನಿ,” ಎಂದರು ಅಜ್ಜಿ ವನಜಮ್ಮ, ಮನೆಗೆ ಬಂದ ಆಶಾ ಕಾರ್ಯಕರ್ತೆ ರೇವಮ್ಮನಿಗೆ.

“ದಾರ ಇರ್ಲಿ ವನಜಕ್ಕ. ಏನ್ ಕೇಳ್ತಾ ಅವ್ಳೆ ಅಂತ ಕೇಳಿದ್ರಾ?”

ರೇವಮ್ಮ ಹೊಲಕ್ಕೆ ಹೋಗಿ ಮಗುವಿನ ಪಕ್ಕ ಕೂತರು. ನಡುಮಧ್ಯಾಹ್ನ. ಒಂದು ಎಲೆಯೂ ಅಲುಗುತ್ತಿರಲಿಲ್ಲ. ಮಗು ಅವರ ಕೈ ಹಿಡಿದು ಕೆಳಗೆಳೆಯಿತು. ರೇವಮ್ಮ ನೆಲಕ್ಕೆ ಕಿವಿಯಿಟ್ಟರು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ, ಮಣ್ಣಿನ ಆಳದಿಂದ, ಸಣ್ಣದೊಂದು ದನಿ.

ಮ್ಯಾ.

“ಅಮ್ಮನೂ ಅಲ್ಲೇ ಅವ್ಳೆ,” ಎಂದಳು ಯಶಸ್ವಿನಿ. ಐದು ತಿಂಗಳಲ್ಲಿ ಆಡಿದ ಮೊದಲ ಮಾತು. “ನಾನೂ ಹೋಗ್ತೀನಿ. ಎರಡೂ ಕಾಲು ಇಳೀತವೆ. ಇಳಿಸಿ ನೋಡಿವ್ನಿ.”

ರೇವಮ್ಮ ಒಂದು ಕೈಯಲ್ಲಿ ಮಗುವನ್ನು ಬಾಚಿ ಹಿಡಿದು, ಇನ್ನೊಂದರಲ್ಲಿ ಪಕ್ಕದ ಮುಳ್ಳನ್ನು ಸರಿಸಿದರು. ಹರಿದ ಗೋಣಿಚೀಲ. ಅದರಡಿ ಕಪ್ಪು ತೂತು. ಸಿದ್ದಗಂಗಯ್ಯನವರನ್ನು ಕೂಗಿದರು.

“ಫೇಲಾದ ಬೋರು ಕಣಮ್ಮ,” ಎಂದರು ಅವರು. “ಬಾಯಿಗಿಳಿಸಿದ್ದ ಕೇಸಿಂಗ್ ಪೈಪ್ ಕಿತ್ತು ಹೊಸ ಬೋರಿಗೆ ಹಾಕ್ದೆ. ಇದಕ್ಕೆ ಚೀಲ ಮುಚ್ಚಿ, ಮಣ್ಣೆಳೆದು, ಮುಳ್ಳು ಹಾಕಿವ್ನಿ. ಗೇಣಗಲದ ತೂತಿಗೆ ಯಾರ್ ಬೀಳ್ತಾರೆ ಬುಡು.”

“ಚೀಲ ಎಷ್ಟು ಮಳೆ ತಡೀತದೆ ಅಣ್ಣ? ಮರಿ ಆಗ್ಲೇ ಬಿದ್ದೈತೆ. ನಿಮ್ ಮೊಮ್ಮಗಳ ಕಾಲು ನೋಡಿ.”

ಅವರು ನೋಡಿದರು. ಎರಡೂ ಕಾಲಿಗೆ, ತೊಡೆಯವರೆಗೆ, ಹಸಿ ಕೆಮ್ಮಣ್ಣು ಮೆತ್ತಿತ್ತು. ಸಿದ್ದಗಂಗಯ್ಯ ಹಗ್ಗ ತರಲು ಓಡಿದರು.

ಹಗ್ಗದ ಕುಣಿಕೆ ಇಳಿಸಿ ಸಂಜೆಯವರೆಗೂ ಪ್ರಯತ್ನಪಟ್ಟರು. ಕತ್ತಲಾಗುವ ಮೊದಲೇ ದನಿ ನಿಂತಿತು. ಮಗು ಒಂದು ಹಿಡಿ ಸೊಪ್ಪು ಒಳಗೆ ಹಾಕಿತು. ಮರುದಿನ ತಾತನೇ ಕಲ್ಲು, ಮಣ್ಣು ಸುರಿದು ನೆಲದ ಮಟ್ಟದವರೆಗೆ ತುಂಬಿಸಿದರು. ವನಜಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಮ್ಮ ಸತ್ತುಹೋಗಿದ್ದಾಳೆ, ಎಲ್ಲಿಂದಲೂ ಕರೆಯುತ್ತಿಲ್ಲವೆಂದು ಮೊದಲ ಬಾರಿ ಬಾಯಿಬಿಟ್ಟು ಹೇಳಿದರು.

ಯಶಸ್ವಿನಿ ಈಗ ಅಷ್ಟಿಷ್ಟು ಮಾತಾಡುತ್ತಾಳೆ. ಯಾರ ಹೊಲಕ್ಕೆ ಹೋದರೂ ಮೊದಲು ಕೇಳುವುದು ಒಂದೇ: “ಬೋರು ಮುಚ್ಚಿದೀರಾ?”

ಅದನ್ನೇ ನಿಮ್ಮನ್ನೂ ಕೇಳುತ್ತಿದ್ದೇವೆ. ನೀರಿಲ್ಲದ ಬೋರ್‌ವೆಲ್ ಇದ್ದರೆ ಇವತ್ತೇ ಹೋಗಿ ನೋಡಿ. ಕೇಸಿಂಗ್ ಇದ್ದರೆ ಗಟ್ಟಿ ಮುಚ್ಚಳ ಬಿಗಿಸಿ. ಕಿತ್ತಿದ್ದರೆ ಬಾಯಿಯವರೆಗೂ ತುಂಬಿಸಿ, ಪಂಚಾಯ್ತಿಗೆ ತಿಳಿಸಿ. ಗೋಣಿಚೀಲ ಮುಚ್ಚಳವಲ್ಲ. ಅದರಡಿ ಬಾಯಿ ತೆರೆದೇ ಇರುತ್ತದೆ.