ಕರೆ ಬಾರದ ಪಂಚಮಿ

ಜೋಳದ ಅಳ್ಳು ಹುರಿಯುವ ವಾಸನೆ ಬಂದರೆ ಸಾಕು, ಕುಸುಮಳಿಗೆ ತವರೂರು ಶಿರಗುಪ್ಪಿಯ ಅಡುಗೆಮನೆ ಕಣ್ಮುಂದೆ ನಿಲ್ಲುತ್ತಿತ್ತು. ನಾಗರಪಂಚಮಿ ಸಮೀಪಿಸಿದಾಗ ಅವ್ವ ಕಾದ ಬಾಣಲೆಗೆ ಜೋಳ ಸುರುವುತ್ತಿದ್ದಳು, ಅದು ಅಳ್ಳಾಗಿ ಅರಳುತ್ತಿತ್ತು. ಹೊರಗೆ ಜಿಗಿದ ಅಳ್ಳನ್ನು ಅಣ್ಣ ಭೂಪಾಲ ಅಂಗೈಯಲ್ಲಿ ಹಿಡಿದು, ಊದಿ ಆರಿಸಿ, ತಂಗಿಯ ಬಾಯಿಗೆ ಹಾಕುತ್ತಿದ್ದ. ಸುಡುತ್ತಿದ್ದದ್ದು ಅವನ ಕೈ, ತಿನ್ನುತ್ತಿದ್ದವಳು ಇವಳು.

ಈಗ ಅಥಣಿಯ ಗಂಡನ ಮನೆಯಲ್ಲಿ ಕುಳಿತವಳಿಗೆ ನೆರೆಮನೆಯಿಂದ ಅದೇ ವಾಸನೆ ಬರುತ್ತಿತ್ತು. 1993ರ ಶ್ರಾವಣ. ಕಾಲೇಜಿನಲ್ಲಿ ಗಣಿತ ಕಲಿಸುವ ಕುಸುಮ ತನ್ನ ಹುಡುಗರಿಗಾಗಿ ಯಾವ ಕೆಲಸ ಯಾವುದಕ್ಕೆ ಕಾಯುತ್ತದೆಂದು ಚಿತ್ರದಲ್ಲಿ ತೋರಿಸುವ ಪೆಟ್ರಿ ಜಾಲದ ಪದಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದಳು. ಒಂದೊಂದರ ಬದಿಗೆ ಅದಕ್ಕೆ ಎದುರಾದದ್ದು ಯಾವುದು, ಅದನ್ನು ಒಳಗೊಳ್ಳುವ ದೊಡ್ಡ ಕಲ್ಪನೆ ಯಾವುದು ಎಂದು ಸೇರಿಸಿದರೆ ತಲೆಗೆ ಬೇಗ ಹತ್ತುತ್ತದೆ. ಸ್ಥಾನಕ್ಕೆ ಎದುರು ಸಂಕ್ರಮಣ. ಒಂದು ಇರುವುದು, ಇನ್ನೊಂದು ಆಗುವುದು. ಎರಡನ್ನೂ ಒಳಗೊಳ್ಳುವುದು ಗಂಟು. ಚಿತ್ರದ ಮೇಲೆ ಬಿಲ್ಲೆಗಳ ಬದಲು ಹುಣಸೆಬೀಜ ಇಟ್ಟಿದ್ದಳು.

ಅತ್ತೆ ಕಮಲಾಬಾಯಿ ಬಗ್ಗಿ ನೋಡಿದರು. “ಹಾಡಾಹಗಲ ಚೌಕಾಬಾರಾ ಹೂಡೀಯಲ್ಲ, ಮಾಸ್ತರಬಾಯಿ!”

“ಆಟ ಅಲ್ಲರಿ ಅತ್ತಿ. ಈ ದುಂಡಂದು ಸ್ಥಾನ, ಈ ಅಡ್ಡಗೆರಿ ಸಂಕ್ರಮಣ, ಅಂದ್ರ ಒಂದು ಕೆಲಸ. ಗೆರಿಗೆ ಬಾಣ ಬಿಟ್ಟ ದುಂಡದಾಗೆಲ್ಲ ಬೀಜ ಇದ್ರಷ್ಟ ಕೆಲಸ ನಡೀತೈತಿ.”

“ಮತ್ತ ಇವೆರಡು ಗೆರಿ ಯಾಕ ಸುಮ್ನ ಕುಂತಾವ?”

“ಇದಕ್ಕ ಬೇಕಾದ ಬೀಜ ಅದು ಕೊಡಬೇಕು, ಅದಕ್ಕ ಬೇಕಾದ್ದು ಇದು ಕೊಡಬೇಕು. ಎರಡೂ ಕಾಯಾಕತ್ತಾವ. ಸ್ತಂಭನ ಅಂತಾರ ಇದಕ್ಕ.”

“ಥೇಟ್ ನೀನೂ ನಿಮ್ಮಣ್ಣನೂ ಇದ್ದಂಗ ಅದಾವ ಬಿಡು,” ಎಂದು ನಕ್ಕವರು ಚಿತ್ರದಿಂದ ಕಣ್ಣು ತೆಗೆದರು. “ಅವತ್ತ ನಾ ಹಂಗ ಅನ್ನಬಾರದಿತ್ತವ್ವಾ,” ಎಂದು ಒಳಗೆ ಹೋದರು.

ಮದುವೆಯಾದ ತಂಗಿಯನ್ನು ಪಂಚಮಿಗೆ ಕರೆದೊಯ್ಯಲು ಅಣ್ಣನೇ ಬರಬೇಕು. ಅವ್ವ ತೀರಿದ ಮರುವರ್ಷವೂ ಭೂಪಾಲ ಬಂದಿದ್ದ. ಕುಸುಮ ಕಾಲೇಜಿನಲ್ಲಿದ್ದಳು, ಮನೆ ತುಂಬ ನೆಂಟರು. ಈ ಸಲ ಕಳಿಸುವುದಾಗದೆಂದು ಕಮಲಾಬಾಯಿ ಬಾಗಿಲಲ್ಲೇ ಹೇಳಿಬಿಟ್ಟರು. ಅವನು ನೀರೂ ಕುಡಿಯದೆ ತಿರುಗಿ ಹೋದ. ತಂಗಿಯನ್ನು ಕಳಿಸುತ್ತೇವೆಂದು ಅತ್ತೆಮನೆಯವರೇ ಹೇಳಿ ಕಳಿಸಲಿ ಎಂದು ಅವನು, ಅಣ್ಣನೇ ಬಂದು ಕರೆಯಲಿ ಎಂದು ಇವಳು ಕಾದರು. ಅಂದಿನಿಂದ ಪಂಚಮಿಗಳು ಬಂದವು, ಹೋದವು. ಪ್ರತಿ ಸಲವೂ ಶಿರಗುಪ್ಪಿ ದಾರಿಯ ಕಾಗವಾಡದ ಬಸ್ಸಿನ ಸದ್ದಿಗೆ ಅವಳು ಕಿಟಕಿಗೆ ಬಂದು ನಿಲ್ಲುತ್ತಿದ್ದಳು.

ಸ್ತಂಭನಕ್ಕೆ ಎದುರು ಜೀವಂತಿಕೆ ಎಂದು ಬರೆದಳು. ಅದಕ್ಕಿಂತ ದೊಡ್ಡದು? ಕಾಯುವುದು. ಸ್ತಂಭನವೆಲ್ಲ ಕಾಯುವುದೇ, ಕಾಯುವುದೆಲ್ಲ ಸ್ತಂಭನವಲ್ಲ. ಮುಂದಿನದು ಮೂಲ ಸಂಕ್ರಮಣ. ಅದಕ್ಕೆ ಒಳಬರುವ ಬಾಣವೇ ಇಲ್ಲ. ಯಾರ ಬೀಜಕ್ಕೂ ಕಾಯಬೇಕಿಲ್ಲ, ಯಾವಾಗ ಬೇಕಾದರೂ ನಡೆಯಬಹುದು. ಎಷ್ಟು ವರ್ಷ ಇದನ್ನೇ ಕಲಿಸಿದ್ದಳು! ಪೆನ್ನು ಮುಚ್ಚಿದಳು.

“ಅತ್ತಿ, ನಾ ಶಿರಗುಪ್ಪಿಗಿ ಹೋಗಿ ಬರ್ತೀನ್ರಿ.”

“ಕರೀಲಾರದ?”

“ಕರೀಲಾರದನ.”

ಕಮಲಾಬಾಯಿ ಸೇಂಗಾ ಉಂಡಿಯ ಡಬ್ಬಿ ತಂದು ಅವಳ ಚೀಲದಲ್ಲಿಟ್ಟರು. “ಭೂಪಾಲಗ ಕೊಡು. ಅತ್ತಿ ಕಳಿಸ್ಯಾಳ ಅಂತ ಹೇಳು.”

ಕಾಗವಾಡದಲ್ಲಿ ಮುಂದಿನ ಬಸ್ಸು ತಡವಾಯಿತು. ಶಿರಗುಪ್ಪಿ ಮುಟ್ಟಿದಾಗ ಸೂರ್ಯ ಕಬ್ಬಿನ ಗರಿಗಳಿಗೆ ತಾಗಿದ್ದ. ಹೊತ್ತು ಮುಳುಗಿದ ಮೇಲೆ ಜೈನರ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಭೂಪಾಲ ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತಿದ್ದ. ಕೂದಲು ನರೆತಿತ್ತು.

“ಕರ್ಯಾಕ ಯಾರ ಬಂದಿದ್ರು?” ಎಂದ.

“ಯಾರೂ ಇಲ್ಲ ಅಣ್ಣಾ. ನಾನ ಬಂದೆ,” ಎಂದು ಕುಸುಮ ಡಬ್ಬಿ ಮುಂದೆ ಹಿಡಿದಳು. “ಅತ್ತಿ ಕಳಿಸ್ಯಾರ.”

ಅವನು ಡಬ್ಬಿಯನ್ನು ನೋಡಿದ. ಅವಳ ಮುಖ ನೋಡಲಿಲ್ಲ. ಪಡುವಣದ ಕಡೆ ಒಮ್ಮೆ ಕಣ್ಣು ಹಾಯಿಸಿ, ಲಗುಬಗೆಯಿಂದ ಒಳಗೆ ಹೋದ. ಕುಸುಮ ಅಂಗಳದಲ್ಲೇ ನಿಂತು ದಾರಿಯ ಕಡೆ ನೋಡಿದಳು. ತಿರುಗಿ ಹೋಗಲು ಬಸ್ಸು ಇದೆಯೋ ಇಲ್ಲವೋ.

ಒಳಗೆ ಪಾತ್ರೆಗಳ ಸದ್ದಾಯಿತು. ಭೂಪಾಲ ತಾನೇ ತಾಟು ಹಿಡಿದು ಬಂದ. ರೊಟ್ಟಿ, ಹೆಸರುಕಾಳಿನ ಪಲ್ಯ, ಬದಿಗೊಂದು ಹಿಡಿ ಅಳ್ಳು. ಬಿಸಿಲು ಇನ್ನೂ ಉಳಿದಿದ್ದ ಕಟ್ಟೆಯ ತುದಿಗೆ ಅವಳನ್ನು ಕೂಡಿಸಿ, ತನ್ನ ನೆರಳು ಬೀಳದಂತೆ ಪಕ್ಕಕ್ಕೆ ಸರಿದು, ತಾಟನ್ನು ಅವಳ ಕೈಗಿಟ್ಟ.